ಬೀರುವಿನ ಒಳಮೈ

ಯಾರಾದರೂ ಮೇಜು ಮಾರಲು ತಂದರೆ ಪತ್ತೇದಾರಮ್ಮ ಅದರ ಮೇಲ್ಭಾಗವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಮೊದಲು ಮಗುಚಿ ಹಾಕುತ್ತಾಳೆ. ಮೇಲ್ಭಾಗವೆಂದರೆ ನೆಂಟರು ಬಂದಾಗ ಮನೆಯವರು ಹೊತ್ತುಕೊಳ್ಳುವ ಮುಖ, ನಿಜವಾದ ಸಂಸಾರ ಅಡಿಯಲ್ಲಿರುತ್ತದೆ ಎನ್ನುವುದು ಆಕೆಯ ಸಿದ್ಧಾಂತ. ಮಕ್ಕಳು ಅಂಟಿಸಿದ ಚೂಯಿಂಗ್ ಗಮ್, ಮೊಳೆಯಿಂದ ಗೀಚಿದ ಗೊಂಬೆ, ಕಾಲು ಅಲುಗಾಡಿದಾಗ ಯಜಮಾನ ತಾನೇ ಬಡಗಿಯೆಂದುಕೊಂಡು ಹೊಡೆದ ಸೊಟ್ಟ ಮೊಳೆ, ಎಲ್ಲದರ ಮೇಲೂ ಬೆರಳಾಡಿಸುತ್ತ ಆಕೆ ಆ ಮನೆಯ ಕತೆಯನ್ನು ಮನೆಯವರಿಗೇ ಹೇಳಿಬಿಡುತ್ತಾಳೆ. ಮಾರಲು ಬಂದವರು ಅವಾಕ್ಕಾಗಿ ನಿಂತಿರುವಾಗಲೇ ಬೆಲೆ ಕುದುರಿಸಿಬಿಡುವುದು ಆಕೆಯ ವ್ಯಾಪಾರದ ಗುಟ್ಟು. ಬೆರಗಾದ ಮನುಷ್ಯ ಚೌಕಾಸಿ ಮಾಡುವುದು ಕಡಿಮೆ.

ಪತ್ತೇದಾರಮ್ಮ ಎಂಬುದು ಬೀದಿ ಕೊಟ್ಟ ಹೆಸರು. ಆಕೆಗೆ ಅದು ಬೈಗುಳವೋ ಬಿರುದೋ ಎಂದು ವಿಚಾರಿಸಲು ಪುರುಸೊತ್ತಾಗಿಲ್ಲ. ಹಳೆಯ ಗ್ಯಾರೇಜಿನಲ್ಲಿರುವ ಅಂಗಡಿ ಉದ್ದಕ್ಕೆ ಸುರಂಗದ ಹಾಗಿದೆ. ಕುರ್ಚಿಗಳು ಸೂರಿನಿಂದ ತೂಗುತ್ತವೆ, ಮಂಚಗಳು ಗೋಡೆಗೆ ಒರಗಿ ನಿಂತೇ ನಿದ್ದೆ ಮಾಡುತ್ತವೆ. ನಡುವಿನ ದಾರಿ ಒಬ್ಬರಿಗಷ್ಟೇ ಸಾಕು. ದಪ್ಪಗಿನ ಗಿರಾಕಿ ಬಂದರೆ ಆಕೆ ಸಂತೋಷದಿಂದ ಹಿಂದೆ ಸರಿದು ಜಾಗ ಬಿಡುತ್ತಾಳೆ; ಒಂದು ಬೀಳಿಸಿದರೆ ನಾಚಿಕೆಗಾದರೂ ಒಂದು ಕೊಳ್ಳುತ್ತಾನೆ.

ಆಕೆ ಹೇಳಿದ್ದೆಲ್ಲ ನಿಜವಾಗುತ್ತಿತ್ತು ಎಂದಲ್ಲ. ಒಮ್ಮೆ ಒಬ್ಬ ದರ್ಜಿ ಆರಾಮಕುರ್ಚಿ ತಂದಿದ್ದ. ಅದರ ಬಲಗೈ ಮಾತ್ರ ಸವೆದು ಬೆಳ್ಳಗಾಗಿತ್ತು.

"ನಿಮ್ಮ ಮಾವನವರಿಗೆ ಚಿಂತೆ ಜಾಸ್ತಿ. ಇದರ ಮೇಲೆ ಬೆರಳು ಉಜ್ಜಿ ಉಜ್ಜಿಯೇ ಕಾಲ ಕಳೆದಿದ್ದಾರೆ" ಎಂದಳು.

"ನಮ್ಮ ಮಾವ ಮದುವೆಗೆ ಮುಂಚೆನೇ ತೀರಿಕೊಂಡ್ರಮ್ಮ. ಇದು ನಮ್ಮ ಬೆಕ್ಕು ಉಗುರು ಚೂಪು ಮಾಡ್ತಿದ್ದ ಜಾಗ."

"ಬೆಕ್ಕಿಗೂ ಚಿಂತೆ ಇರಬಾರದಾ?" ಎಂದು ಆಕೆ ಮಾತು ತಿರುಗಿಸಿದಳು. ದರ್ಜಿ ನಕ್ಕ. ನಕ್ಕ ಮನುಷ್ಯನೂ ಚೌಕಾಸಿ ಮಾಡುವುದು ಕಡಿಮೆಯೇ.

ಹೀಗೆ ಊರವರ ಕುರ್ಚಿಯ ಸವೆತವನ್ನೆಲ್ಲ ಓದಿದ ಪತ್ತೇದಾರಮ್ಮ ಒಂದನ್ನು ಮಾತ್ರ ಮಗುಚಿ ನೋಡಿರಲಿಲ್ಲ. ಅದು ಆಕೆಯ ಸ್ವಂತ ತಮ್ಮ.

ತಮ್ಮ ಬಸ್ಸಿನ ಡ್ರೈವರು. ಮನೆಯಲ್ಲಿ ಅವನಿಗೆ 'ಗಾಳಿ' ಎಂದು ಹೆಸರು. ಯಾಕೆಂದರೆ ಅವನಿದ್ದಲ್ಲಿ ಬಾಗಿಲು ಮುಚ್ಚುವುದಿಲ್ಲ. ಚಳಿಯಿರಲಿ, ಸೊಳ್ಳೆಯಿರಲಿ, ಕೋಣೆಯ ಬಾಗಿಲಿಗೆ ಒಂದು ಕಲ್ಲು ಅಡ್ಡ ಇಟ್ಟೇ ಮಲಗುವುದು. ಬಚ್ಚಲಿಗೂ ಚಿಲಕ ಹಾಕದೆ ಹಾಡು ಹೇಳುತ್ತ ಸ್ನಾನ ಮಾಡುತ್ತಾನೆ, ಒಳಗೆ ಜನವಿದೆ ಎಂದು ತಿಳಿಯಲಿ ಅಂತ. ಅವನ ಮದುವೆಗೆ ದೊಡ್ಡಪ್ಪ ತನ್ನ ಕೈಯಾರೆ ಮಾಡಿದ ಬೀರು ಉಡುಗೊರೆ ಕೊಟ್ಟಾಗ, ವಾರ ಕಳೆಯುವುದರೊಳಗೆ ಅವನು ಅದರ ಎರಡೂ ಬಾಗಿಲನ್ನು ಕೀಲು ಸಮೇತ ಬಿಚ್ಚಿ ಅಟ್ಟಕ್ಕೆ ಹಾಕಿದ್ದ. "ಇವನ ಮನೆಗೆ ಕಳ್ಳ ಬಂದ್ರೆ ಬೇಜಾರಾಗಿ ವಾಪಸ್ ಹೋಗ್ತಾನೆ, ಒಡೆಯೋಕೆ ಏನೂ ಇಲ್ಲ" ಎಂದು ಅಮ್ಮ ಹೇಳಿದ್ದು ಆ ಮನೆಯ ಹಳೆಯ ನಗೆ. ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ಪತ್ತೇದಾರಮ್ಮನೇ ಎಲ್ಲರಿಗಿಂತ ಜೋರಾಗಿ.

ದೊಡ್ಡಪ್ಪನೆಂದರೆ ಮೇಸ್ತ್ರಿ. ಅಪ್ಪ ತೀರಿಕೊಂಡಾಗ ಇವರನ್ನು ಕರೆದುಕೊಂಡು ಬಂದು, ತನ್ನ ಬಡಗಿ ಕಾರ್ಖಾನೆಯ ಹಿಂದಿನ ಎರಡು ಕೋಣೆ ಬಿಟ್ಟುಕೊಟ್ಟವನು ಅವನೇ. ಅಮ್ಮ ಕೆಲಸದವರಿಗೆಲ್ಲ ಅಡುಗೆ ಮಾಡುತ್ತಿದ್ದಳು. ಪತ್ತೇದಾರಮ್ಮ ಶಾಲೆ ಮುಗಿಸಿ ಬಂದು ಪಾಲಿಶ್ ಕಲಿತಳು. ತಮ್ಮನನ್ನು ಮೇಸ್ತ್ರಿ ತಾನೇ ಪಕ್ಕದಲ್ಲಿ ಕೂರಿಸಿಕೊಂಡು ಕೆತ್ತನೆ ಕಲಿಸಿದ. ಮೀಸೆ ಮೂಡುವ ವಯಸ್ಸಿಗೆ ಹುಡುಗ ಉಳಿ ಸುತ್ತಿಗೆ ಎಸೆದು ಲಾರಿಯೊಂದರ ಕ್ಲೀನರಾಗಿ ಹೊರಟುಹೋದ. "ಅಂಥಾ ಗುರು ಸಿಕ್ಕಿದ್ರೂ ಸ್ಟಿಯರಿಂಗ್ ಹಿಡಿಯೋಕೆ ಹೋದ್ನಲ್ಲ" ಎಂದು ಕಾರ್ಖಾನೆಯೆಲ್ಲ ಮರುಗಿತು. ಆ ಮನೆಯಲ್ಲಿ ಮೇಸ್ತ್ರಿಯ ಹೆಸರಿನ ಹಿಂದೆ 'ಅನ್ನ ಹಾಕಿದ ಕೈ' ಎಂಬ ಮಾತು ಬಾಲದ ಹಾಗೆ ಅಂಟಿಕೊಂಡೇ ಬರುತ್ತಿತ್ತು.

ಈಗ ಮೇಸ್ತ್ರಿಗೆ ವಯಸ್ಸಾಗಿತ್ತು, ಕಾರ್ಖಾನೆ ಮುಚ್ಚುತ್ತಿದ್ದ. ಕೈಯ ವಿದ್ಯೆ ಕೈಯಲ್ಲೇ ಸಾಯಬಾರದು ಎಂದು ಅವನಿಗೆ ಹೊಸ ಆಸೆ ಹುಟ್ಟಿತು. ಅದಕ್ಕೆ ಸರಿಯಾಗಿ ಗಾಳಿಯ ಮಗಳಿಗೆ ಕೆತ್ತನೆಯ ಹುಚ್ಚು. ಹದಿಮೂರರ ಹುಡುಗಿ, ಕಂಡ ಸೋಪು, ಸೀಮೆಸುಣ್ಣ, ಪೆನ್ಸಿಲ್ಲುಗಳನ್ನೆಲ್ಲ ಕೆತ್ತಿ ಗೊಂಬೆ ಮಾಡುತ್ತಿದ್ದಳು. ನಾಲಗೆಯೂ ಚೂಪಾದ್ದರಿಂದ ಅತ್ತೆ ಪತ್ತೇದಾರಮ್ಮ ಅವಳಿಗೆ 'ಉಳಿ' ಎಂದು ಹೆಸರಿಟ್ಟಿದ್ದಳು.

ಒಂದು ಭಾನುವಾರ ಎಲ್ಲರೂ ಅಂಗಡಿಯ ಮೇಲಿನ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಅಮ್ಮ ಈಗ ಮಗಳ ಜತೆ ಅಲ್ಲೇ ಇರುವುದು. ಮೇಸ್ತ್ರಿ ಉಳಿಯ ಕೈಯಲ್ಲಿದ್ದ ಸೋಪಿನ ಆಮೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ರಜೆ ಶುರುವಾದ ದಿನವೇ ನನ್ನ ಹತ್ರ ಬಂದುಬಿಡು. ಅಲ್ಲೇ ಇರು, ಕಲಿ."

"ನಿಜವಾಗ್ಲೂ ದೊಡ್ಡಜ್ಜ? ಮರದಲ್ಲೇ ಕೆತ್ತಬಹುದಾ?"

"ಮರದಲ್ಲೇ. ಆದ್ರೆ ಎಡಗೈಯಲ್ಲಿ ಉಳಿ ಹಿಡೀತೀಯಲ್ಲ, ಅದೊಂದು ಕೆಟ್ಟ ಚಾಳಿ. ಇರ್ಲಿ ಬಿಡು, ಅದನ್ನ ಬಿಡಿಸೋದು ನನಗೆ ಗೊತ್ತು."

ತಮ್ಮ ತಟ್ಟೆಯಿಂದ ಕೈ ತೆಗೆದ. "ಅವಳು ಬರಲ್ಲ" ಎಂದ.

"ಯಾಕಪ್ಪಾ?" ಉಳಿ ಕೇಳಿದಳು.

"ಬರಲ್ಲ ಅಂದ್ರೆ ಬರಲ್ಲ."

"ಅದೇನೋ ಹಾಗಂದ್ರೆ" ಎಂದಳು ಅಮ್ಮ. "ಅನ್ನ ಹಾಕಿದ ಕೈ, ತಾನಾಗೇ ಕರೀತಿದೆ. ಬೇಡ ಅನ್ನೋಕೆ ಕಾರಣ ಬೇಡ್ವಾ?"

ತಮ್ಮ ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು, ಇಳಿದುಹೋದ. ಮೇಸ್ತ್ರಿ ನಿಧಾನವಾಗಿ ಊಟ ಮುಗಿಸಿದ. "ಅವನಿಗೆ ಆಗಿನಿಂದಲೂ ತಲೆ ನೆಟ್ಟಗಿಲ್ಲ. ರಜೆಗೆ ಇನ್ನೂ ದಿನ ಇದೆ, ಮಗು ಬರುತ್ತೆ" ಎಂದ.

ಪತ್ತೇದಾರಮ್ಮನ ಕಿವಿ ನೆಟ್ಟಗಾದದ್ದು ಆಗಲೇ. ಊರಿಗೆಲ್ಲ ದಾರಿ ಬಿಡುವ, ಜಗಳವೆಂದರೆ ಬಸ್ಸಿನ ಹಾರನ್ನನ್ನೂ ಮೆತ್ತಗೆ ಒತ್ತುವ ತಮ್ಮ ಹೀಗೆ ಊಟದ ನಡುವೆ ಎದ್ದದ್ದನ್ನು ಆಕೆ ಕಂಡಿರಲಿಲ್ಲ. ಯಾಕಿರಬಹುದು?

ಆಕೆ ತನಿಖೆ ಶುರುಮಾಡಿದಳು. ಮೊದಲು ತಮ್ಮನ ಹೆಂಡತಿಯನ್ನು ತರಕಾರಿ ಅಂಗಡಿಯ ಮುಂದೆ ಅಡ್ಡಗಟ್ಟಿದಳು.

"ಗೊತ್ತಿಲ್ಲ ಅತ್ತಿಗೆ. ಅವತ್ತಿನಿಂದ ರಾತ್ರಿ ಎದ್ದು ಕೂತುಬಿಡ್ತಾರೆ. ಕೇಳಿದ್ರೆ ಸೆಕೆ ಅಂತಾರೆ."

"ಈ ಚಳೀಲಾ?"

"ಅದೇ ನಾನೂ ಕೇಳಿದ್ದು. ಹಾಗಾದ್ರೆ ಸೊಳ್ಳೆ ಅಂದ್ರು."

ಆಮೇಲೆ ಅವನ ಬಸ್ಸಿನ ಕಂಡಕ್ಟರನ್ನು ಹಿಡಿದಳು. ಈ ಕಂಡಕ್ಟರು ಟಿಕೆಟ್ಟಿಗಿಂತ ಮಾತನ್ನೇ ಹೆಚ್ಚು ಹರಿಯುವ ಆಸಾಮಿ, ಅವನಿಗೂ ಗೊತ್ತಿರಲಿಲ್ಲ. ಆಕೆ ಹಾಸಿಗೆಯಲ್ಲಿ ಮಲಗಿ ಒಂದೊಂದೇ ಕಾರಣವನ್ನು ಮಗುಚಿ ನೋಡಿದಳು. ಆಸ್ತಿಯೇ? ತಮ್ಮ ದೊಡ್ಡಪ್ಪನ ಒಂದು ಮೊಳೆಯನ್ನೂ ಕೇಳಿದವನಲ್ಲ. ಹೆಣ್ಣು ಮಗು ಬಡಗಿಯಾಗಬಾರದೆಂಬ ಹಟವೇ? ಮಗಳ ಸೋಪಿನ ಗೊಂಬೆಗಳನ್ನು ಬಸ್ಸಿನ ಮುಂಗಾಜಿನ ಉದ್ದಕ್ಕೂ ಅಂಟಿಸಿ, ಹತ್ತಿದವರಿಗೆಲ್ಲ ತೋರಿಸುವವನು ಅವನು. ಮತ್ತೆ ಇನ್ನೇನು? ಬೇರೆಯವರ ಮನೆಯ ವಿಷಯವಾಗಿದ್ದರೆ ಆಕೆ ಇಷ್ಟು ಹೊತ್ತಿಗೆ ಹೇಳಿ, ಬೆಲೆ ಕಟ್ಟಿ, ಸಾಮಾನು ಇಳಿಸಿಕೊಂಡಿರುತ್ತಿದ್ದಳು.

ಅಷ್ಟರಲ್ಲಿ ಮೇಸ್ತ್ರಿಯ ಕಾರ್ಖಾನೆಯಿಂದ ಸಾಮಾನು ಬಂತು. ಉಳಿದದ್ದನ್ನೆಲ್ಲ ಮಾರಿಕೊಡು ಎಂದು ಅವನೇ ಕಳಿಸಿದ್ದ. ಕಾಲಿಲ್ಲದ ಸ್ಟೂಲುಗಳು, ಅರ್ಧ ಮಾಡಿದ ತೊಟ್ಟಿಲು, ಜತೆಗೆ ಒಂದು ಭಾರೀ ಮರದ ಬೀರು. ಮೊದಲಿನಿಂದಲೂ ಅದು ಕಾರ್ಖಾನೆಯ ಮೂಲೆಯಲ್ಲಿ ನಿಂತಿದ್ದದ್ದು ಆಕೆಗೆ ನೆನಪಿತ್ತು. ಯಾರು ಕೇಳಿದರೂ ಮೇಸ್ತ್ರಿ ಕೊಟ್ಟಿರಲಿಲ್ಲ. ಬಾಗಿಲ ಮೇಲೆ ಹಂಸದ ಜೋಡಿ, ಹಿತ್ತಾಳೆಯ ಬೀಗ. ಇಳಿಸಿದ ಕೂಲಿಯವರೇ ಒಂದು ಗಳಿಗೆ ನಿಂತು ನೋಡಿದರು.

ಪತ್ತೇದಾರಮ್ಮ ಹಂಸಗಳಿಗೆ ಬೆನ್ನು ಕೊಟ್ಟಳು. ಬಾಗಿಲು ತೆಗೆದು, ಟಾರ್ಚು ಹಿಡಿದು, ಮಂಡಿಯೂರಿ ಒಳಗೆ ತಲೆ ಹಾಕಿದಳು.

ನೆಲದ ಹಲಗೆಯಲ್ಲಿ ಎರಡು ಕಡೆ ಮರ ಬೆಳ್ಳಗೆ, ನುಣ್ಣಗೆ ಸವೆದಿತ್ತು. ಹಿಂಬದಿಯ ಹಲಗೆಯಲ್ಲೂ ಅಷ್ಟೇ, ಕೆಳಗಡೆ ಮಾತ್ರ. ಬಟ್ಟೆ ತುಂಬಿಟ್ಟರೆ ಮರ ಹೀಗೆ ಸವೆಯುವುದಿಲ್ಲ. ಇಲಿಯೇ? ಇಲಿ ಮೂಲೆಯಿಂದ ಕಡಿಯುತ್ತದೆ, ಹೊಳಪು ಕೊಡುವುದಿಲ್ಲ. ನಾಯಿಯೇ? ನಾಯಿಗೆ ಬೆನ್ನು ಒರಗಿಸಿ ಕೂರಲು ಬರುವುದಿಲ್ಲ. ಆಕೆಗೆ ಸಣ್ಣಗೆ ಖುಷಿ ಹತ್ತಿತು. ಮನುಷ್ಯರೇ! ಹಿಮ್ಮಡಿ ಇಲ್ಲಿ, ಬೆನ್ನು ಅಲ್ಲಿ. ಮಂಡಿ ಮಡಚಿ ಕೂತರೆ ಇಷ್ಟೇ ಜಾಗ. ಹಾಗಾದರೆ ಮಗು. ಕಣ್ಣಾಮುಚ್ಚಾಲೆ ಆಡುವಾಗ ಅಡಗಿ ಕೂರುತ್ತಿದ್ದ ಮಗು. ಒಂದೆರಡು ಸಲ ಅಲ್ಲ, ಮರ ನುಣುಪಾಗುವಷ್ಟು ಸಲ. ಎಂಥಾ ಕಿಲಾಡಿ, ಎಂದುಕೊಂಡಳು.

ಬೀಗದ ತೂತಿನ ಒಳಗಡೆಯ ಹಿತ್ತಾಳೆ ತಗಡು ಬಾಗಿತ್ತು. ಸುತ್ತ ಮರ ಕಪ್ಪಾಗಿ, ಉಸಿರು ತಾಗಿ ತಾಗಿ ಉಬ್ಬಿತ್ತು. ಯಾರೋ ಅದಕ್ಕೆ ಬಾಯಿ ಹಚ್ಚಿ ಕೂರುತ್ತಿದ್ದರು.

ಆಟದಲ್ಲಿ ಅಡಗಿದವರು ಹೊರಗೆ ನೋಡಲು ಕಣ್ಣಿಡುತ್ತಾರೆ. ಬಾಯಿ ಯಾಕೆ ಇಡುತ್ತಾರೆ?

ಟಾರ್ಚು ತಾನಾಗಿ ಕೆಳಗೆ ಜಾರಿತು. ಪಕ್ಕದ ಹಲಗೆಯ ಕೆಳತುದಿಯಲ್ಲಿ, ಮೊಳೆಯ ತುದಿಯಿಂದ ಕೆತ್ತಿದ ಒಂದು ಬಳ್ಳಿ. ಎಲೆಯ ಮೇಲೆ ಎಲೆ, ಎಲೆಯ ಮೇಲೆ ಎಲೆ. ಕತ್ತಲಲ್ಲಿ ಬೆರಳಿನಿಂದಲೇ ಅಳೆದು ಕೆತ್ತಿದ್ದು. ಒಂದರ ಮೇಲೊಂದು ಹತ್ತಿದ್ದರೂ ಎಲೆಯೆಂದರೆ ಎಲೆಯೇ. ಗೀರುಗಳೆಲ್ಲ ಒಂದೇ ಕಡೆಗೆ ವಾಲಿದ್ದವು. ಬಲಗೈಯವರ ಗೀರು ಆ ಕಡೆಗೆ ವಾಲುವುದಿಲ್ಲ. ಪಾಲಿಶ್ ಹಾಕುತ್ತ ಬೆಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಕಾರ್ಖಾನೆಯಲ್ಲಿ ಎಡಗೈಯ ಮಗು ಇದ್ದದ್ದು ಒಂದೇ.

ಬಡಗಿ ಕಾರ್ಖಾನೆಯಲ್ಲಿ ಬಡಿತದ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ದಿನವಿಡೀ ಅದೇ ಸದ್ದು. ಆಕೆ ಪಾಲಿಶ್ ಬಟ್ಟೆ ಹಿಡಿದು, ಹಾಡು ಗುನುಗುತ್ತ, ಆ ಸದ್ದಿನ ನಡುವೆಯೇ ಬೆಳೆದಿದ್ದಳು. ಅದರಲ್ಲಿ ಯಾವುದು ಸುತ್ತಿಗೆಯದು, ಯಾವುದು ಮುಷ್ಟಿಯದು? ಪತ್ತೇದಾರಮ್ಮ ಬೀರುವಿನಿಂದ ತಲೆ ಹೊರಗೆ ತೆಗೆದು ನೆಲದ ಮೇಲೆ ಕೂತುಬಿಟ್ಟಳು. ಒಬ್ಬ ಗಿರಾಕಿ ಬಂದು ಕನ್ನಡಿಯ ಬೆಲೆ ಕೇಳಿದ. "ಇವತ್ತು ಮಾರಲ್ಲ" ಎಂದಳು. ಆ ಅಂಗಡಿಯಲ್ಲಿ ಆ ಮಾತು ಕೇಳಿದ ಮೊದಲ ಮನುಷ್ಯ ಅವನೇ.

ಮರುದಿನ ಮಧ್ಯಾಹ್ನ ಬಸ್ ಡಿಪೋಗೆ ಹೋದಳು. ತಮ್ಮ ಖಾಲಿ ಬಸ್ಸಿನ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ದಾರಿಯುದ್ದಕ್ಕೂ ಹೇಗೆ ಶುರುಮಾಡಬೇಕೆಂದು ಯೋಚಿಸಿಕೊಂಡು ಬಂದವಳು, ಎದುರಿಗೆ ನಿಂತಾಗ ಶುರುಮಾಡಿದ್ದು ತನ್ನ ವ್ಯಾಪಾರದ ಧಾಟಿಯಲ್ಲೇ.

"ದೊಡ್ಡಪ್ಪನ ಬೀರು ಬಂದಿದೆ ಕಣೋ. ಒಳಗೆ ಕೂತವನಿಗೆ ಒಂಬತ್ತೋ ಹತ್ತೋ ವಯಸ್ಸು. ಎಡಗೈ. ಮಂಡಿ ಮಡಚಿ..."

ತಮ್ಮ ಲೋಟ ಕೆಳಗಿಟ್ಟ. ಅವನ ಮುಖ ನೋಡಿದಾಗ ಆಕೆಗೆ ತಾನು ಮಾಡಿದ್ದು ತಿಳಿಯಿತು. ದರ್ಜಿಯ ಮುಂದೆ ಅವನ ಮಾವನ ಚಿಂತೆಯ ಕತೆ ಹೇಳಿದ ಹಾಗೆ ತನ್ನ ತಮ್ಮನಿಗೆ ಅವನನ್ನೇ ಓದಿ ಹೇಳುತ್ತಿದ್ದಳು.

"ಪಾಲಿಶ್ ಹಾಕಿ ಮಾರಿಬಿಡಕ್ಕ" ಎಂದ ಅವನು.

"ಮಾರಲ್ಲ."

"ಒಳ್ಳೇ ಮರ. ಗಿರಾಕಿ ಸಿಗ್ತಾರೆ."

"ಗಾಳಿ, ನಾನು ಬಾಯಿ ಮುಚ್ಚಿಕೊಂಡು ಕೂರ್ತೀನಿ. ನೀನು ಹೇಳಿದ್ರೆ ಕೇಳ್ತೀನಿ, ಹೇಳದಿದ್ರೆ ಚಹಾ ಕುಡಿದು ಹೋಗ್ತೀನಿ."

"ನೀನು? ಬಾಯಿ ಮುಚ್ಚಿಕೊಂಡು?" ಅವನಿಗೆ ಅಂಥ ಹೊತ್ತಿನಲ್ಲೂ ನಗು ಬಂತು. ನಕ್ಕ ಮೇಲೆ ಟೈರುಗಳ ಕಡೆ ನೋಡುತ್ತ ಹೇಳಿದ.

"ಎಡಗೈಯಲ್ಲಿ ಉಳಿ ಹಿಡಿದ್ರೆ ಮೊದಲು ಹೊಡೀತಿದ್ರು. ಬೆರಳ ಗೆಣ್ಣಿನ ಮೇಲೆ, ಮರದ ಪಟ್ಟಿಯಲ್ಲಿ. ಅದೂ ಹೋಗ್ಲಿ, ಹೊಡೆತ ಮುಗಿಯುತ್ತೆ. ಆಮೇಲೆ ಬೀರುವಿನೊಳಗೆ ಹಾಕಿ ಬೀಗ ಹಾಕೋರು. ಯಾವಾಗ ತೆಗೀತಾರೆ ಅಂತ ಇರ್ತಿರಲಿಲ್ಲ. ಕೆಲಸದವರು ಊಟಕ್ಕೆ ಹೋಗ್ತಿದ್ರು, ಬರ್ತಿದ್ರು. ನೀನು ಹಾಡು ಹೇಳೋದು ಕೇಳಿಸ್ತಿತ್ತು."

ಪತ್ತೇದಾರಮ್ಮ ಬಾಯಿ ಮುಚ್ಚಿಕೊಂಡೇ ಇದ್ದಳು. ಅದು ಆಕೆಗೆ ಎಷ್ಟು ಕಷ್ಟವಾಯಿತೆಂದು ಹೇಳಲು ಬೇರೆ ಸಾಕ್ಷಿ ಬೇಡ, ಚಹಾ ಆರಿ ತಣ್ಣಗಾಗಿತ್ತು.

"ಕಲಿಸೋದಕ್ಕೆ ಅಂತ ನಾನೂ ಅಂದ್ಕೊಂಡಿದ್ದೆ. ಮೊನ್ನೆ ನನ್ನ ಮಗಳ ಕೈ ನೋಡಿ ಎಡಗೈ ಬಿಡಿಸ್ತೀನಿ ಅಂದ್ರಲ್ಲ, ನನಗೆ ಬಸ್ಸು ನಿಲ್ಲಿಸೋಕೆ ಬ್ರೇಕೇ ಸಿಗದ ಹಾಗಾಯ್ತು."

"ಯಾರಿಗೂ ಹೇಳಲೇ ಇಲ್ವೇನೋ?"

"ಹೇಳಿದ್ದೆ. ಅಮ್ಮನಿಗೆ." ಅವನು ಲೋಟ ಎತ್ತಿಕೊಂಡ. "ಹೇಗೋ ಸಹಿಸ್ಕೋ, ಈ ಸೂರೂ ಹೋದ್ರೆ ಎಲ್ಲಿಗೆ ಹೋಗೋಣ ಅಂದ್ಲು. ಮತ್ತೆ ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅಕ್ಕ, ದೊಡ್ಡಪ್ಪ ಹೇಗಾದ್ರೂ ಹಾಳಾಗ್ಲಿ. ಆದ್ರೆ ಅಮ್ಮ ಇನ್ನೂ 'ಅನ್ನ ಹಾಕಿದ ಕೈ' ಅಂತಾಳಲ್ಲ, ಅದು ಕೇಳಿದಾಗೆಲ್ಲ ನನಗೆ ಅನಿಸುತ್ತೆ, ಆಗಿದ್ದೆಲ್ಲ ನಾನೇ ಕಟ್ಟಿದ ಕತೆಯೇನೋ ಅಂತ."

ಪತ್ತೇದಾರಮ್ಮ ಮನೆಗೆ ಬಂದು ಅಮ್ಮನಿಗೆ ಏನೂ ಹೇಳಲಿಲ್ಲ. "ಕೆಳಗೆ ಬಾ, ಒಂದು ಸಾಮಾನು ನೋಡು" ಎಂದಷ್ಟೇ ಕರೆದಳು. ಬೀರುವಿನ ಬಾಗಿಲು ತೆಗೆದು, ಟಾರ್ಚನ್ನು ಅಮ್ಮನ ಕೈಗೆ ಕೊಟ್ಟಳು.

ಅಮ್ಮ ಮಂಡಿನೋವಿನವಳು. ಒಂದು ಕೈಯಿಂದ ಬೀರು ಹಿಡಿದು, ಒಂದು ಕೈಯಿಂದ ಮಗಳನ್ನು ಹಿಡಿದು ಕಷ್ಟಪಟ್ಟು ಕೆಳಗೆ ಕೂತಳು. ನೆಲದ ಸವೆತ ನೋಡಿದಳು. ಬಳ್ಳಿ ನೋಡಿದಳು. ಆ ಬಳ್ಳಿಯನ್ನು ಯಾರು ಕೆತ್ತಿದರೆಂದು ಆಕೆ ಕೇಳಲಿಲ್ಲ. ಆಮೇಲೆ ತನ್ನ ಮೊಳಕೈ ಚಾಚಿ, ನೆಲದಿಂದ ಆ ಬೀಗದ ತೂತಿನವರೆಗೆ ಅಳೆದಳು. ಇನ್ನೊಮ್ಮೆ ಅಳೆದಳು.

"ಅವನು ಇಷ್ಟು ಚಿಕ್ಕವನಿದ್ನಾ?" ಎಂದಳು.

ಮಗಳು ಅವಳ ಪಕ್ಕದಲ್ಲಿ ಕೂತಳು.

"ನನ್ನ ನೆನಪಲ್ಲಿ ದೊಡ್ಡವನಿದ್ದ ಕಣೇ. ನಾನು ಸಹಿಸ್ಕೋ ಅಂದಿದ್ದು ದೊಡ್ಡ ಹುಡುಗನಿಗೆ ಅಂತ..." ಅವಳನ್ನು ಎಬ್ಬಿಸಲು ತುಂಬ ಹೊತ್ತು ಬೇಕಾಯಿತು. ಮಂಡಿಯ ದೆಸೆಯಿಂದ ಮಾತ್ರವಲ್ಲ.

ಅದಾದ ಮೇಲೆ ಅಮ್ಮ ಎರಡು ದಿನ ಅಡುಗೆಗೆ ಉಪ್ಪು ಹಾಕಲಿಲ್ಲ. ಪತ್ತೇದಾರಮ್ಮ ಸಪ್ಪೆಯನ್ನೇ ಉಂಡಳು. ಅಮ್ಮನ ತಲೆಯಲ್ಲಿ ಏನು ನಡೆದಿದೆ? ತಪ್ಪೊಪ್ಪಿಗೆಯೋ, ತನ್ನನ್ನು ತಾನೇ ಸಮರ್ಥಿಸಿಕೊಳ್ಳುವ ಲೆಕ್ಕಾಚಾರವೋ? ಮರವಾಗಿದ್ದರೆ ಬೆರಳಾಡಿಸಿ ತಿಳಿಯಬಹುದಿತ್ತು.

ರಜೆ ಶುರುವಾಗುವ ಮುಂಚಿನ ಭಾನುವಾರ ತಮ್ಮ ಅಂಗಡಿಗೆ ಬಂದ. ಮೇಸ್ತ್ರಿ ಬರುತ್ತಾನೆಂದು ತಿಳಿದೇ ಬಂದಿದ್ದ. ಇಸ್ತ್ರಿ ಹಾಕಿದ ಅಂಗಿ, ತಲೆಗೆ ಎಣ್ಣೆ. ಕೋರ್ಟಿಗೆ ಹೊರಟವನ ಹಾಗೆ. "ಅಮ್ಮನ ಹತ್ರ ಏನೂ ಕೇಳಬೇಡಕ್ಕ. ನಾನೇ ಹೇಳ್ತೀನಿ" ಎಂದ.

ಮೇಸ್ತ್ರಿ ಬಂದ. ಕೈಯಲ್ಲಿ ಬಟ್ಟೆ ಸುತ್ತಿದ ಉಳಿಗಳ ಕಟ್ಟು. "ಎಲ್ಲಿ ನಮ್ಮ ಶಿಷ್ಯೆ?" ಎಂದು ಕುರ್ಚಿ ಎಳೆದುಕೊಂಡು ಕೂತ. ಬೀರು ಎದುರಿಗೇ ಇತ್ತು. ಅದನ್ನು ನೋಡಿ, "ಇದಿನ್ನೂ ಹೋಗಿಲ್ವಾ? ಬೆಲೆ ಜಾಸ್ತಿ ಹೇಳ್ತಿದ್ದೀಯ" ಎಂದ.

ತಮ್ಮ ಮುಂದೆ ಬಂದು ನಿಂತ. ಬಾಯಿ ತೆರೆದ. ದಿನಕ್ಕೆ ಸಾವಿರ ಜನರನ್ನು ಹತ್ತಿಸಿ ಇಳಿಸುವ ಮನುಷ್ಯ, ಒಂದು ಮಾತನ್ನು ಇಳಿಸಲಾಗದೆ ನಿಂತುಬಿಟ್ಟ.

"ಮಗು ಬರಲ್ಲ ಭಾವ."

ಹೇಳಿದ್ದು ಅಮ್ಮ. ಮೆಟ್ಟಿಲ ಮೇಲಿಂದ, ಒಂದೊಂದೇ ಮೆಟ್ಟಿಲು ಇಳಿಯುತ್ತ.

"ಈಗ ನಿನಗೇನಾಯ್ತು?" ಎಂದ ಮೇಸ್ತ್ರಿ.

"ನೀವು ಇವನನ್ನ ಇದರೊಳಗೆ ಹಾಕಿ ಬೀಗ ಹಾಕ್ತಿದ್ರಿ. ಇವನು ಬಂದು ನನಗೆ ಹೇಳಿದ. ನಾನು ಕೇಳಿಸಿಕೊಂಡೂ ಸುಮ್ನಿದ್ದೆ. ಅದು ನನ್ನ ತಪ್ಪು, ಅದನ್ನ ನಾನು ಇವನ ಹತ್ರ ಬೇರೆ ಮಾತಾಡ್ಕೋತೀನಿ. ನಿಮ್ಮ ತಪ್ಪು ನಿಮಗೆ ಹೇಳೋಕೆ ಬಂದೆ."

"ಅಯ್ಯೋ, ಯಾವ ಕಾಲದ್ದು ಅದು! ಹೊಡೀದೇ ಯಾರಿಗೆ ವಿದ್ಯೆ ಬಂದಿದೆ? ನನ್ನನ್ನೂ ನನ್ನ ಮೇಸ್ತ್ರಿ ಹೀಗೇ..."

"ಕೆಲಸ ಕಲಿಸೋಕೆ ಬೀಗ ಯಾಕೆ ಬೇಕು ಭಾವ?"

ಮೇಸ್ತ್ರಿ ಅತ್ತಿತ್ತ ನೋಡಿದ. ಮೆಚ್ಚಿಕೊಂಡು ತಲೆಯಾಡಿಸಲು ಅಲ್ಲಿ ಕೆಲಸದವರು ಯಾರೂ ಇರಲಿಲ್ಲ. "ಅನ್ನ ಹಾಕಿದ್ದಕ್ಕೆ ಒಳ್ಳೇ ಮರ್ಯಾದೆ" ಎಂದ.

"ನಿಮ್ಮ ಕಾರ್ಖಾನೆಗೆಲ್ಲ ಅನ್ನ ಬೇಯಿಸಿದ್ದು ನಾನು" ಎಂದಳು ಅಮ್ಮ.

ನನ್ನನ್ನೂ ಎಂದನಲ್ಲ, ಅವನನ್ನು ಯಾರು, ಎಲ್ಲಿ ಕೂಡಿಹಾಕಿದ್ದರು? ಪತ್ತೇದಾರಮ್ಮನ ನಾಲಗೆಯ ತುದಿಗೆ ಆ ಪ್ರಶ್ನೆ ಬಂದು ಕೂತೇಬಿಟ್ಟಿತ್ತು. ಆಗ ತಮ್ಮನೇ ಬಾಯಿಬಿಟ್ಟ.

"ನಿಮಗೆ ಆಗಿದ್ದನ್ನ ನೀವು ಯಾರ ಹತ್ರ ಆದ್ರೂ ಹೇಳಿಕೊಳ್ಳಿ ದೊಡ್ಡಪ್ಪ, ಬೇಡ ಅನ್ನಲ್ಲ. ನನ್ನ ಮಗಳ ಹತ್ರ ಬರಬೇಡಿ."

ಮೇಸ್ತ್ರಿ ಉಳಿಗಳ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದುಹೋದ. ಕ್ಷಮೆ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ನೆಂಟರಲ್ಲಿ ಕೆಲವರು ಅವನ ಕಡೆ ನಿಂತರು. "ಮುದುಕನನ್ನ ಈ ವಯಸ್ಸಲ್ಲಿ ನೋಯಿಸಬಾರದಿತ್ತು" ಎಂದು ಅಂಗಡಿಗೇ ಬಂದು ಹೇಳಿದ ಒಬ್ಬಾಕೆಗೆ ಪತ್ತೇದಾರಮ್ಮ ಕೂರಲು ಕಾಲು ಅಲುಗಾಡುವ ಸ್ಟೂಲು ಕೊಟ್ಟಳು.

ಉಳಿಗೆ ತಮ್ಮ ತಾನೇ ಕೂತು ಹೇಳಿದ. ಹುಡುಗಿ ಎಲ್ಲವನ್ನೂ ಕೇಳಿ, ತನ್ನ ಕೈಯನ್ನು ನೋಡಿಕೊಂಡು, "ಹಾಗಾದ್ರೆ ಎಡಗೈ ತಪ್ಪಲ್ಲ ತಾನೇ?" ಎಂದಳು. "ಅಲ್ಲಮ್ಮ" ಎಂದ ಅವನು. ಆ ಮಾತು ಹೇಳುವಾಗ ತಾನೇ ಅದನ್ನು ಮೊದಲ ಸಲ ಕೇಳಿಸಿಕೊಂಡ ಹಾಗಾಯಿತು ಎಂದು ಆಮೇಲೆ ಹೆಂಡತಿಗೆ ಹೇಳಿದನಂತೆ. ಈಗ ಅವಳು ಚಿತ್ರದ ಚೌಕಟ್ಟು ಮಾಡುವ ಒಬ್ಬ ಹೆಂಗಸಿನ ಹತ್ತಿರ ಕಲಿಯುತ್ತಿದ್ದಾಳೆ. ಆ ಹೆಂಗಸು ಬೈಯುವುದು ಮರವನ್ನು ಮಾತ್ರ.

ತಮ್ಮ ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರನ್ನು ನೋಡಲು ಹೋಗುತ್ತಾನೆ. ಮೊದಲ ಸಲ ಅರ್ಧಕ್ಕೇ ಎದ್ದು ಬಂದಿದ್ದ; ಎರಡನೆಯ ಸಲ ಹೋಗಲೇ ಇಲ್ಲ; ಮೂರನೆಯ ಸಲ ಹೆಂಡತಿ ಜತೆಗೆ ಹೋದಳು. ನಿದ್ದೆ ಕೆಲವು ದಿನ ಬರುತ್ತದೆ, ಕೆಲವು ದಿನ ಸೊಳ್ಳೆ. ಬೀರು ಅಂಗಡಿಯ ಹಿಂಭಾಗದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಒಡೆಯಲೋ ಸುಡಲೋ ಎಂದು ಕೇಳಿದ್ದಕ್ಕೆ ತಮ್ಮ, "ಇನ್ನೂ ಗೊತ್ತಿಲ್ಲಕ್ಕ" ಎಂದಿದ್ದಾನೆ.

ಅಮ್ಮ ಮಾತ್ರ ಹೊಸ ಅಭ್ಯಾಸ ಹಿಡಿದಿದ್ದಾಳೆ. ಮಧ್ಯಾಹ್ನ ಜನ ಕಡಿಮೆಯಿರುವ ಹೊತ್ತಿಗೆ ಮಗನ ಬಸ್ಸು ಹತ್ತಿ, ಅವನ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ. ಚಾಲಕರೊಡನೆ ಮಾತಾಡಬಾರದು ಎಂಬ ಬೋರ್ಡು ಕಣ್ಣೆದುರಿಗೇ ಇರುವುದರಿಂದ ಬಸ್ಸು ನಿಂತಾಗ ಮಾತ್ರ ಕೇಳುತ್ತಾಳೆ: ಆಮೇಲೆ ಏನಾಯ್ತು? ನೀನೇನು ಮಾಡಿದೆ? ನನ್ನ ಮೇಲೆ ಎಷ್ಟು ಕೋಪ ಬಂತು? ಅವನು ಮುಂದಿನ ಸ್ಟಾಪಿನಲ್ಲಿ ಉತ್ತರ ಕೊಡುತ್ತಾನೆ. ಕೆಲವೊಮ್ಮೆ ಕೊಡುವುದಿಲ್ಲ. ಮನೆಗೆ ಬಂದ ಅಮ್ಮನನ್ನು ಪತ್ತೇದಾರಮ್ಮ ಏನಂದ ಏನಂದ ಎಂದು ಪೀಡಿಸಿದರೆ, "ಅದು ನಮ್ಮಿಬ್ಬರದು" ಎಂಬ ಒಂದೇ ಉತ್ತರ.

ಕುತೂಹಲ ತಡೆಯಲಾರದೆ ಒಂದು ದಿನ ಆಕೆ ತಲೆಗೆ ಸೆರಗು ಹೊದ್ದು ಹಿಂದಿನ ಬಾಗಿಲಿನಿಂದ ಬಸ್ಸು ಹತ್ತಿದಳು.

"ಎಲ್ಲಿಗಮ್ಮ?" ಎಂದ ಕಂಡಕ್ಟರು. ಗುರುತು ಹಿಡಿದು ನಕ್ಕ. "ಮಾತು ಮುಗಿಯೋವರೆಗಾದ್ರೆ ಟಿಕೆಟ್ ಇಲ್ಲ. ಕೊನೇ ಸ್ಟಾಪಿಗೂ ಅವರದ್ದು ಮುಗಿಯಲ್ಲ."

ಬಸ್ಸಿನ ಕೊನೆಯ ಸೀಟಿಗೆ ಇಂಜಿನ್ನಿನ ಗರಗರ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಅಮ್ಮನ ಬೆನ್ನು ಮುಂದಕ್ಕೆ ಬಾಗಿತ್ತು, ತಮ್ಮನ ತಲೆ ಒಂದಿಷ್ಟು ಹಿಂದಕ್ಕೆ ವಾಲಿತ್ತು. ಇನ್ನೂ ಮೂರು ಸೀಟು ಮುಂದೆ ಹೋದರೆ ಕೇಳಿಸಬಹುದು. ಪತ್ತೇದಾರಮ್ಮ ಅರ್ಧ ಎದ್ದಳು. ಕಂಬಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಸ್ಸು ನಿಂತ ಕಡೆ, ಅಂಗಡಿಗೆ ಹತ್ತಿರವೂ ಅಲ್ಲದ ಒಂದು ಸ್ಟಾಪಿನಲ್ಲಿ ಇಳಿದುಬಿಟ್ಟಳು.

ಬಸ್ಸು ಹೊರಡಲಿಲ್ಲ. ಹತ್ತುವವರು ಹತ್ತಿಯಾಗಿತ್ತು, ಕಂಡಕ್ಟರು ಸೀಟಿ ಊದಿಯಾಗಿತ್ತು.

"ಏನ್ರೀ ಡ್ರೈವರ್, ಇಲ್ಲೇ ಮನೆ ಮಾಡ್ತೀರಾ?" ಎಂದು ಒಳಗಿನಿಂದ ಯಾರೋ ಕೂಗಿದರು.

"ಸ್ವಲ್ಪ ಸುಮ್ನಿರಿ" ಎಂದಳು ಅಮ್ಮ. ರಸ್ತೆಯವರೆಗೂ ಕೇಳಿಸುವ ಹಾಗೆ. "ನನ್ನ ಮಗ ಮಾತಾಡ್ತಿದ್ದಾನೆ."